ಕಣ್ಣೆದುರಿಗಿದ್ದರೂ ಕಾಣದ ಝಡ್

ತಾಲ್ಲೂಕು ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಅಂಗಡಿಗಿಂತ ಕಿಸೆ ಮುಖ್ಯ. ನನ್ನ ಅಂಗಡಿ ಇರುವುದು ಹಾನಗಲ್ಲಿನಲ್ಲಿ. ಕೆಲಸ ಮಾತ್ರ ಶಿಗ್ಗಾವಿ, ಸವಣೂರು, ಹಿರೇಕೆರೂರು ಅಂತ ಬಸ್ಸು ಹೋದ ಕಡೆಗೆಲ್ಲ. ಅಂಗಿಯ ಕಿಸೆಯಲ್ಲೊಂದು ಪೆನ್‌ಡ್ರೈವ್. ಪಿಡಿಎಫ್ ಜೋಡಿಸುವುದು, ಫೋಟೊ ಸಣ್ಣದು ಮಾಡುವುದು, ಅಳಿಸಿಹೋದ ಫೈಲು ಹುಡುಕುವುದು, ಎಲ್ಲ ಅದರಲ್ಲೇ. ಇನ್‌ಸ್ಟಾಲ್ ಮಾಡುವ ರಗಳೆಯಿಲ್ಲ; ಡಬಲ್ ಕ್ಲಿಕ್ ಮಾಡಿದರಾಯಿತು.

ಈ ಸುಖ ತೀರ ಹಳೆಯದೇನಲ್ಲ. 2000ದಲ್ಲಿ ಪೆನ್‌ಡ್ರೈವ್ ಮಾರಾಟಕ್ಕೆ ಬಂದಾಗ ಅದರಲ್ಲಿ ಹಿಡಿಸುತ್ತಿದ್ದುದು 8 ಎಂಬಿ. 2004ರಲ್ಲಿ ಜಾನ್ ಹಾಲರ್ ಎಂಬಾತ ಫೈರ್‌ಫಾಕ್ಸ್ ಬ್ರೌಸರನ್ನು ಪೆನ್‌ಡ್ರೈವಿನಿಂದಲೇ ಓಡುವಂತೆ ಮಾಡಿಕೊಟ್ಟ. ಪೋರ್ಟಬಲ್ ಪ್ರೋಗ್ರಾಮಿನ ಗುಟ್ಟು ಇಷ್ಟೆ: ತನ್ನ ಸೆಟಿಂಗುಗಳನ್ನು ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ ಬರೆದಿಡದೆ ತನ್ನದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ.

ಸವಣೂರಿನ ಒಂದು ಆಫೀಸಿನಲ್ಲಿ ಅಕ್ಕಾರೊಬ್ಬರಿಗೆ ಇದು ಬಹಳ ಹಿಡಿಸಿತು. “ಪೆನ್‌ಡ್ರೈವ್ ಯಾಕ್ರೀ, ಝಡ್‌ನ್ಯಾಗ ಹಾಕಿಬಿಡ್ರಿ. ಎಲ್ಲಾರಿಗೂ ಸಿಗತೈತಿ” ಅಂದರು. ಝಡ್ ಅಂದರೆ ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿನ ಶೇರ್ ಮಾಡಿದ ಫೋಲ್ಡರ್. ಆ ಕಂಪ್ಯೂಟರಿನ ಮುಂದೆಯೇ ಕೂತು ಹಾಕಿದೆ. ಅಕ್ಕಾರ ಮಶೀನಿನಿಂದ ಕ್ಲಿಕ್ ಮಾಡಿದರೆ, ಈ ಫೈಲನ್ನು ನಂಬಬಹುದೋ ಎಂದು ಒಂದು ಕಿಟಕಿ ಕೇಳಿತು. ಹೂಂ ಅಂದದ್ದಕ್ಕೆ ಪ್ರೋಗ್ರಾಮ್ ಮಿಂಚಿ ಮಾಯವಾಯಿತು. ಪೆನ್‌ಡ್ರೈವಿನಿಂದಲೇ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದೆ. ತೆರೆದುಕೊಂಡಿತು, ಆದರೆ ಫೈಲು ಆರಿಸಲು ಹೋದರೆ ಪಟ್ಟಿಯಲ್ಲಿ ಝಡ್ಡೇ ಇಲ್ಲ. ಹಿಂದಿನ ಕಿಟಕಿಯಲ್ಲಿ ಝಡ್ ತನ್ನೆಲ್ಲ ಫೋಲ್ಡರುಗಳ ಸಮೇತ ಕೂತಿದೆ, ಮುಂದಿನ ಕಿಟಕಿಗೆ ಅದರ ಸುದ್ದಿಯೇ ಗೊತ್ತಿಲ್ಲ!

ವಿಂಡೋಸ್ ವಿಸ್ಟಾದಿಂದ ಈಚೆಗಿನ ನಡವಳಿಕೆ ಇದು. ಒಬ್ಬನೇ ಮನುಷ್ಯ ಲಾಗಿನ್ ಆದರೂ ಅಡ್ಮಿನ್ ಖಾತೆಯಾದರೆ ಅವನಿಗೆ ಎರಡು ವೇಷ: ದಿನನಿತ್ಯದ್ದೊಂದು, ಅಧಿಕಾರದ್ದೊಂದು. ಝಡ್ ಅಂತ ಹೆಸರಿಟ್ಟವನು ಮೊದಲಿನವನು. ಎರಡನೆಯವನಿಗೆ ಆ ಹೆಸರು ಗೊತ್ತಿಲ್ಲ. ಗ್ರಾಮ ಪಂಚಾಯ್ತಿ ಗೆದ್ದ ಮಾರನೇ ದಿನ ನಮ್ಮ ಓಣಿಯನ್ನೇ ಗುರುತಿಸದವರನ್ನು ಕಂಡಿದ್ದೇನಾದ್ದರಿಂದ ನನಗೆ ಇದು ಬೇಗ ಅರ್ಥವಾಯಿತು. ರಿಜಿಸ್ಟ್ರಿಯಲ್ಲಿ ‘ಎನೇಬಲ್‌ಲಿಂಕ್ಡ್‌ಕನೆಕ್ಷನ್ಸ್’ ಎಂಬ ಹೆಸರಿನಲ್ಲಿ 1 ಎಂದು ಬರೆದು ರೀಸ್ಟಾರ್ಟ್ ಮಾಡಿದರೆ ಇಬ್ಬರಿಗೂ ಝಡ್ ಕಾಣುತ್ತದೆ. ಪ್ರೋಗ್ರಾಮ್ ಮಿಂಚಿ ಮಾಯವಾದದ್ದು ಬೇರೆ ಕಾರಣಕ್ಕೆ: ಶೇರ್ ಫೋಲ್ಡರಿನಲ್ಲಿ ಓದಲು ಮಾತ್ರ ಅನುಮತಿಯಿತ್ತು, ಪಾಪ, ಅದಕ್ಕೆ ತನ್ನ ಸೆಟಿಂಗು ಬರೆದಿಡಲು ಜಾಗವೇ ಸಿಕ್ಕಿರಲಿಲ್ಲ. ಬರೆಯಲು ಬಿಟ್ಟರೆ ಇನ್ನೊಂದು ತಕರಾರು. ಇಬ್ಬರು ಒಟ್ಟಿಗೆ ತೆರೆದಾಗ ಒಬ್ಬರ ಸೆಟಿಂಗ್ ಫೈಲಿಗೆ ಇನ್ನೊಬ್ಬರ ಬೀಗ.

ನಾನು ಹುಬ್ಬಳ್ಳಿಯಲ್ಲಿ ಕೋರ್ಸ್ ಮಾಡುವಾಗ ಇದೆಲ್ಲ ಇರಲಿಲ್ಲ. ಆಗ ಹಾವೇರಿ ಜಿಲ್ಲೆಯೇ ಇರಲಿಲ್ಲ. 1997ರವರೆಗೆ ನಮ್ಮ ನಾಲ್ಕೂ ತಾಲ್ಲೂಕು ಧಾರವಾಡಕ್ಕೆ ಸೇರಿದ್ದವು. ಲ್ಯಾಬಿನಲ್ಲಿ ನೊವೆಲ್ ನೆಟ್‌ವೇರ್. ನಮ್ಮ ಮುಂದಿನ ಪೆಟ್ಟಿಗೆಗಳಿಗೆ ಹಾರ್ಡ್‌ಡಿಸ್ಕೇ ಇಲ್ಲ. ಎಫ್ ಡ್ರೈವಿಗೆ ಹೋಗಿ ಲಾಗಿನ್ ಆದರೆ ಪ್ರೋಗ್ರಾಮುಗಳೆಲ್ಲ ಸರ್ವರಿನಿಂದಲೇ ಬರಬೇಕು, ಬರುತ್ತಿದ್ದವು. ಪ್ರೋಗ್ರಾಮ್ ಹುಡುಕುವ ದಾರಿಗಳಿಗೆ ಝಡ್‌ನಿಂದ ಹಿಂದಕ್ಕೆ ವೈ, ಎಕ್ಸ್ ಅಂತ ಅಕ್ಷರ ಕೊಡುವ ಪದ್ಧತಿ. ಝಡ್ ಎಂಬ ಅಕ್ಷರದ ಮೇಲೆ ನನಗೆ ಮೋಹ ಹುಟ್ಟಿದ್ದು ಅಲ್ಲಿಯೇ.

ನೆಟ್‌ವರ್ಕಿನ ಮೇಲೆ ಕಂಪ್ಯೂಟರಿಗೆ ಸಂಶಯ ಬಂದದ್ದು ಆಮೇಲೆ. 2003ರಲ್ಲಿ ಬ್ಲಾಸ್ಟರ್, 2004ರಲ್ಲಿ ಸ್ಯಾಸರ್ ಎಂಬ ಹುಳುಗಳು ಮಶೀನಿನಿಂದ ಮಶೀನಿಗೆ ತಾವೇ ಹರಿದವು. ಪಕ್ಕದ ಕೋಣೆಯಿಂದ ಬಂದ ಫೈಲಿಗೂ ಪರಊರಿನ ಫೈಲಿಗೂ ಒಂದೇ ಅನುಮಾನ ಶುರುವಾಯಿತು. 2005ರ ಒಂದು ಸೆಕ್ಯುರಿಟಿ ಅಪ್‌ಡೇಟ್ ಆದ ಮೇಲೆ ಶೇರ್ ಫೋಲ್ಡರಿನಲ್ಲಿರುವ ಸಿಎಚ್‌ಎಂ ಹೆಲ್ಪ್ ಫೈಲುಗಳ ಪುಟ ಬರುವುದು ನಿಂತಿತು. ಡಾಟ್‌ನೆಟ್ ಪ್ರೋಗ್ರಾಮುಗಳಿಗೆ ನೆಟ್‌ವರ್ಕಿನಿಂದ ಓಡುವಾಗ ಅರೆಬರೆ ಅನುಮತಿಯಷ್ಟೇ ಇದ್ದದ್ದು 2008ರಲ್ಲಿ ಬಂದ 3.5 ಎಸ್‌ಪಿ1ರಲ್ಲಿ ಸಡಿಲವಾಯಿತು. ನಾನಂತೂ ಈ ಸಂಶಯವನ್ನು ಬೈಯಲಾರೆ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಬಂದ ಪೆನ್‌ಡ್ರೈವ್‌ಗಳನ್ನು ತೊಳೆದೇ ನನ್ನ ಅಂಗಡಿಯ ಬಾಡಿಗೆ ಕಟ್ಟಿದ ತಿಂಗಳುಗಳಿವೆ.

ಈಗ ನಾನು ಝಡ್‌ನಿಂದ ನೇರ ಓಡಿಸಲು ಹೋಗುವುದಿಲ್ಲ. ನಾಲ್ಕು ಸಾಲಿನ ಬ್ಯಾಚ್ ಫೈಲ್ ಬರೆದು ಡೆಸ್ಕ್‌ಟಾಪಿನಲ್ಲಿ ಇಡುತ್ತೇನೆ. ಅದು ಪ್ರೋಗ್ರಾಮನ್ನು ಸಿ ಡ್ರೈವಿಗೆ ಎಳೆದುಕೊಂಡು ಅಲ್ಲಿಂದ ಓಡಿಸುತ್ತದೆ. ದಾಖಲೆಗಳು ಮಾತ್ರ ಝಡ್‌ನಲ್ಲಿ. ಬ್ಯಾಚ್ ಫೈಲಿನಲ್ಲೂ ‘ಸಿಡಿ’ ಎಂದರೆ ಎರಡು ಓರೆಗೀಟಿನಿಂದ ಶುರುವಾಗುವ ನೆಟ್‌ವರ್ಕ್ ವಿಳಾಸಕ್ಕೆ ಹೋಗುವುದಿಲ್ಲ, ‘ಪುಶ್‌ಡಿ’ ಅನ್ನಬೇಕು. ಆಗ ಅದು ತಾತ್ಕಾಲಿಕವಾಗಿ ಒಂದು ಅಕ್ಷರ ಹುಡುಕಿಕೊಳ್ಳುತ್ತದೆ. ಹುಡುಕುವುದು ಎಲ್ಲಿಂದ? ಝಡ್‌ನಿಂದ ಹಿಂದಕ್ಕೆ.

ಹಿರೇಕೆರೂರಿನ ಆಫೀಸೊಂದರಲ್ಲಿ ಇದೇ ಏರ್ಪಾಟು ಮಾಡಿ ಎಲ್ಲ ಸರಿಹೋದ ಮೇಲೂ ಒಂದು ತಕರಾರು ಉಳಿಯಿತು. ಝಡ್‌ನಲ್ಲಿದ್ದ ಕನ್ನಡ ಪತ್ರ ತೆರೆದರೆ ತಲೆಯ ಮೇಲೆ ಟೋಪಿ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಟೈಪು ಮಾಡಿದ್ದು ‘ನುಡಿ ಜೀರೋ ಒನ್ ಇ’ ಫಾಂಟಿನಲ್ಲಿ; ಆ ಮಶೀನಿನಲ್ಲಿ ಅದು ಇಲ್ಲ. ಫೈಲಿನ ಪಕ್ಕದಲ್ಲೇ ಫಾಂಟು ಇಟ್ಟರೆ ಬರುವುದಿಲ್ಲ, ಮಶೀನಿಗೆ ಹಾಕಬೇಕು. ಅಲ್ಲಿ ಅದಕ್ಕೆ ಪಾಸ್‌ವರ್ಡ್ ಬೇಕಿತ್ತು. ಪಾಸ್‌ವರ್ಡ್ ಇದ್ದವರು ಹಾವೇರಿಗೆ ಮೀಟಿಂಗಿಗೆ ಹೋಗಿದ್ದರು. ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ಪಿಡಿಎಫ್ ಮಾಡಿ ಕೊಟ್ಟೆ. ಗುಮಾಸ್ತರು ಕನ್ನಡಕ ಏರಿಸಿ ಓದಿ, “ಛಲೋ ಬಂತ್ರೀ. ಇದರಾಗ ಒಂದೀಟು ಹೆಸರು ತಿದ್ದೂದೈತಿ, ಹೆಂಗ ತಿದ್ದಬೇಕು ಹೇಳ್ರಿ” ಅಂದರು.