ಎಂಟು ಬೈಟ್‌ಗಳ ಕೀಲಿಕೈ

ಆಕಾಶದ ಮಳೆಗೆ ಬಡವ-ಬಲ್ಲಿದರೆಂಬ ಭೇದವಿಲ್ಲ. ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹದಿಂದ ಬರುವ ಟೀವಿ ಸಂಕೇತವೂ ಹಾಗೆಯೇ. ಚಂದಾ ಕಟ್ಟಿದವರ ಡಿಶ್ ಮೇಲೂ ಬೀಳುತ್ತದೆ, ಕಟ್ಟದವರ ಡಿಶ್ ಮೇಲೂ ಬೀಳುತ್ತದೆ. ಆದರೆ ಚಿತ್ರ ಕಾಣುವುದು ಕಟ್ಟಿದವರಿಗೆ ಮಾತ್ರ. ಅದು ಹೇಗೆ?

ಉತ್ತರ ಸೆಟ್‌ಟಾಪ್ ಪೆಟ್ಟಿಗೆಯ ಪುಟ್ಟ ಸ್ಮಾರ್ಟ್ ಕಾರ್ಡಿನಲ್ಲಿದೆ. ಬಹುಕಾಲದಿಂದ ಬಳಕೆಯಲ್ಲಿರುವ ಡಿವಿಬಿ ಪದ್ಧತಿಯಲ್ಲಿ ಚಿತ್ರವನ್ನು ಕಲಸಿಯೇ ಕಳಿಸುತ್ತಾರೆ. ಅದನ್ನು ಬಿಡಿಸುವ ಕೀಲಿಗೆ 'ಕಂಟ್ರೋಲ್ ವರ್ಡ್' ಎಂದು ಹೆಸರು. ಉದ್ದ ೮ ಬೈಟ್ ಅಷ್ಟೇ. ಸಾಮಾನ್ಯವಾಗಿ ಹತ್ತು ಸೆಕೆಂಡಿಗೊಮ್ಮೆ ಬದಲಾಗುವ ಈ ಕೀಲಿಯೂ ಗೂಢಲಿಪಿಯಲ್ಲೇ ಬರುತ್ತದೆ. ಅದನ್ನು ಓದಬಲ್ಲದ್ದು ಕಾರ್ಡು ಮಾತ್ರ.

ಕಾರ್ಡ್ ಹಂಚಿಕೆಯ ಗುಟ್ಟು ಇಲ್ಲಿದೆ. ಚಿತ್ರ ಎಲ್ಲರ ಚಾವಣಿಗೂ ಬಂದಾಗಿದೆ. ಕೀಲಿಯೊಂದನ್ನು ಅಂತರ್ಜಾಲದಲ್ಲಿ ಕಳಿಸಿದರೆ ಸಾಕು. ಕಾರ್ಡು ಒಂದು ಕಂಪ್ಯೂಟರಿಗೆ ಜೋಡಣೆಯಾಗುತ್ತದೆ. ಓಎಸ್‌ಕ್ಯಾಮ್‌ನಂಥ ತಂತ್ರಾಂಶ ಸರ್ವರ್ ಆಗಿ ನಿಂತು, ಕೇಳಿದವರಾರು, ಯಾವ ಕಾರ್ಡು ಉತ್ತರಿಸಬೇಕು ಎಂಬ ಲೆಕ್ಕವಿಡುತ್ತದೆ. ಮುಂದಿನ ಕೀಲಿ ತಡವಾದರೆ ಪರದೆಯ ಚಿತ್ರ ಸ್ತಬ್ಧ!

ಪಾಲಕರೊಬ್ಬರು ಒಮ್ಮೆ, ತಮ್ಮ ಮಗ ಒಂದೇ ಕಾರ್ಡಿನಿಂದ ಬೀದಿಯ ನಾಲ್ಕು ಮನೆಗೆ ಚಾನೆಲ್ ಕೊಟ್ಟಿದ್ದಾನೆಂದು ಹೇಳಿ, "ಹುಡುಗ ಜಾಣ ಅಲ್ವೇ ಸಾರ್?" ಎಂದರು. ಜಾಣನೇ, ಸಂಶಯವಿಲ್ಲ. ಆದರೆ ಮೂರು ಮನೆಯವರು ಹಣ ಕೊಡದೆ ನೋಡುತ್ತಿದ್ದುದು ಇನ್ನೊಬ್ಬರ ದುಡಿಮೆಯನ್ನು. ಗದರಿಸಿದರೆ ಕಳವು ನಿಂತೀತು. ಅದರ ಜೊತೆಗೆ ಕುತೂಹಲವೂ ಸತ್ತರೆ ಎಂಬುದು ನನ್ನ ಅಂಜಿಕೆ.

ನಮ್ಮ ಕೃತಿಸ್ವಾಮ್ಯ ಕಾಯ್ದೆಯೇ ಇಲ್ಲಿ ಮಾದರಿ. ೨೦೧೨ರ ತಿದ್ದುಪಡಿಯಂತೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಭೇದಿಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ಉಂಟು. ಅದೇ ಸೆಕ್ಷನ್, ನ್ಯಾಯವಾಗಿ ಪಡೆದ ಪ್ರತಿಯ ಮೇಲೆ ಗೂಢಲಿಪಿ ಸಂಶೋಧನೆ ನಡೆಸುವುದಕ್ಕೆ ವಿನಾಯಿತಿಯನ್ನೂ ಕೊಟ್ಟಿದೆ. ಕಳವಿಗೆ ಬೀಗ, ಕಲಿಕೆಗೆ ಬಾಗಿಲು.

ಕಾರ್ಡು ತನ್ನದೇ ಪೆಟ್ಟಿಗೆಯ ಹೊರತು ಬೇರೆಯದರಲ್ಲಿ ಕೆಲಸ ಮಾಡದಂತೆ ಜೋಡಿ ಕಟ್ಟುವ ವಿಧಾನ ಈಗ ಬಳಕೆಯಲ್ಲಿದೆ. ಅದನ್ನು ರೂಪಿಸುವವರಿಗೆ ಬೀಗ ಒಡೆಯುವ ಬಗೆಯೂ ತಿಳಿದಿರಲೇಬೇಕು. ಮಕ್ಕಳೇ, ಎರಡಕ್ಕೂ ಬೇಕಾದ ಗಣಿತ ಒಂದೇ. ಸಂಬಳ ಸಿಗುವುದು ಒಂದಕ್ಕೇ.

ಪಾಲಕರೇ, ನಿಮ್ಮ ಮಗು ಇಂಥ ಕರಾಮತ್ತು ತೋರಿಸಿದರೆ ಮೊದಲು "ಹೇಗೆ ಮಾಡಿದೆ?" ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ "ಇದು ಯಾರ ಹಣ?" ಎಂದೂ ತಪ್ಪದೆ ಕೇಳಿ.