ಪೇಂಟ್ ಯಾವುದು ಅಂತ ಕೇಳುವ ಮುಂಚೆ

ಮನೆಗೆ ಗೇಟು ಹಾಕಿಸುವಾಗ, ಟ್ರ್ಯಾಕ್ಟರ್ ಟ್ರೇಲರ್ ಕಟ್ಟಿಸುವಾಗ ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: ‘ಪೇಂಟ್ ಯಾವ ಕಂಪನಿದು?’ ಸುದ್ದಿಗಾಗಿ ಜಿಲ್ಲೆಯ ಫ್ಯಾಬ್ರಿಕೇಷನ್ ಶೆಡ್‌ಗಳಿಗೆ ಹೋಗಿಬರುವ ನಾವು ಮೇಸ್ತ್ರಿಗಳಿಂದ ಕಲಿತದ್ದು ಬೇರೆ ಪ್ರಶ್ನೆ. ಪೇಂಟಿನ ಕೆಳಗೆ ಏನಿದೆ?

ಹೊಸ ಕಬ್ಬಿಣದ ಮೇಲೆ ನೀಲಿಗಪ್ಪು ಪೊರೆ ಇರುತ್ತದೆ. ಕಾದ ಉಕ್ಕನ್ನು ರೋಲಿಂಗ್ ಮಾಡುವಾಗ ಬರುವ ಮಿಲ್ ಸ್ಕೇಲ್ ಅದು. ನೋಡಲು ಗಟ್ಟಿ. ಆದರೆ ದಿನ ಕಳೆದಂತೆ ಬಿರುಕು ಬಿಟ್ಟು, ಮೇಲಿನ ಬಣ್ಣವನ್ನೂ ಕಟ್ಟಿಕೊಂಡೇ ಉದುರುತ್ತದೆ. ಹದ ಮಾಡದ ಹೊಲಕ್ಕೆ ಒಳ್ಳೆ ಬೀಜ ಹಾಕಿದ ಹಾಗೆ.

ಅದಕ್ಕೇ ದೊಡ್ಡ ಕೆಲಸಗಳಲ್ಲಿ ಬ್ಲಾಸ್ಟಿಂಗ್ ಮಾಡುತ್ತಾರೆ. ಕಂಪ್ರೆಸರ್‌ನ ಗಾಳಿಯಲ್ಲಿ, ಸುಮಾರು 7 ಕೆಜಿ ಪ್ರೆಶರ್‌ನಲ್ಲಿ, ಒರಟು ಕಾಳನ್ನು ಕಬ್ಬಿಣಕ್ಕೆ ಬಡಿಸುತ್ತಾರೆ. ತುಕ್ಕು, ಸ್ಕೇಲ್ ಹೋಗಿ ಕಬ್ಬಿಣ ಬೆಳ್ಳಗಾಗುತ್ತದೆ. ಜೊತೆಗೆ ಮೈಮೇಲೆ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಆಳ ಸಾಮಾನ್ಯವಾಗಿ 50ರಿಂದ 75 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪ. ಪ್ರೈಮರ್ ಕಚ್ಚಿಕೊಳ್ಳುವುದು ಆ ಕುಳಿಗಳಲ್ಲೇ. ತೇವ ತಾಗಿ ಮತ್ತೆ ತುಕ್ಕು ಹಿಡಿಯುವ ಮುಂಚೆ ಅದೇ ದಿನ ಪ್ರೈಮರ್ ಹೊಡೆಯಬೇಕು.

ಇನ್ನು ಆ ಕಾಳಿನ ವಿಷಯ. ಒಂದು ಶೆಡ್‌ನಲ್ಲಿ ಒಬ್ಬ ಹುಡುಗ ಒದ್ದೆ ಟವೆಲ್ ಮುಖಕ್ಕೆ ಸುತ್ತಿಕೊಂಡು ಪೈಪ್ ಹಿಡಿದಿದ್ದ. ಬಡಿಸುತ್ತಿದ್ದದ್ದು ಹೊಳೆ ಮರಳು. ಮರಳಿನಲ್ಲಿರುವುದು ಹರಳಿನ ರೂಪದ ಸಿಲಿಕಾ. ಅದು ಒಡೆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗಿ ಶ್ವಾಸಕೋಶದ ಒಳಗೆ ಕೂರುತ್ತದೆ. ಟವೆಲ್ ಅದನ್ನು ತಡೆಯುವುದಿಲ್ಲ. ಬರುವ ಕಾಯಿಲೆ ಸಿಲಿಕೋಸಿಸ್. ಎಷ್ಟೋ ಸಲ ಅದನ್ನು ಟಿಬಿ ಅಂದುಕೊಳ್ಳುತ್ತಾರೆ. ವಾಸಿ ಮಾಡುವ ಔಷಧಿ ಇಲ್ಲ.

ಇದು ಹೊಸ ತಿಳಿವಳಿಕೆಯೂ ಅಲ್ಲ. ಎರಕದ ಸಾಮಾನನ್ನು ಮರಳಿನಿಂದ ಬ್ಲಾಸ್ಟ್ ಮಾಡುವುದನ್ನು ಬ್ರಿಟನ್ 1949ರಲ್ಲೇ ನಿಷೇಧಿಸಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೂ ಸಿಲಿಕೋಸಿಸ್ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವಾಗಿತ್ತು. ಆದರೆ ಕರೆಂಟ್ ಬಳಸುವ ಶೆಡ್‌ನಲ್ಲಿ ಸಾಮಾನ್ಯವಾಗಿ 10 ಜನ ಇದ್ದರೆ ಮಾತ್ರ ಆ ಕಾಯ್ದೆ ಅನ್ವಯವಾಗುತ್ತಿತ್ತು. ನಾಲ್ಕೈದು ಹುಡುಗರ ಶೆಡ್ ಅದರ ಹೊರಗೇ ಉಳಿಯಿತು.

ಮರಳಿಗೆ ಬದಲಿ ಇದೆ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಖಾಲಿ ಬಾಟಲಿಗಳನ್ನು ಪುಡಿಮಾಡಿ, ತೊಳೆದು ಒಣಗಿಸಿ, ಜರಡಿ ಹಿಡಿದು ಬ್ಲಾಸ್ಟಿಂಗ್‌ಗೆ ಬಳಸುತ್ತಾರೆ. ಗಾಜನ್ನೂ ಮರಳಿನಿಂದಲೇ ಮಾಡುವುದು ನಿಜ. ಆದರೆ ಕರಗಿ ಗಾಜಾದ ಮೇಲೆ ಸಿಲಿಕಾದ ಹರಳಿನ ರೂಪ ಹೋಗಿರುತ್ತದೆ. ಇಂಥ ಗಾಜಿನ ಪುಡಿಯಲ್ಲಿ ಹರಳಿನ ಸಿಲಿಕಾ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಚೂಪು ಅಂಚು ಇರುವುದರಿಂದ ತುಕ್ಕನ್ನು ಚೆನ್ನಾಗಿ ಕೆರೆಯುತ್ತದೆ.

ಹಾಗಂತ ಗಾಜಿನ ಧೂಳು ಕುಡಿಯಬಹುದು ಅಂತಲ್ಲ. ಗಾಳಿ ಬರುವ ಹೆಲ್ಮೆಟ್ ಬೇಕೇ ಬೇಕು. ಹಳೆ ಪೇಂಟಿನಲ್ಲಿ ಸೀಸ ಇದ್ದರೆ ಅದೂ ಧೂಳಿಗೆ ಸೇರುತ್ತದೆ. ಗಾಜಿನ ಕಾಳು ಬಡಿದ ಕೂಡಲೇ ಪುಡಿಯಾಗುವುದರಿಂದ ಹೆಚ್ಚು ಸಲ ಬರುವುದಿಲ್ಲ. ಸ್ಟೀಲ್ ಗ್ರಿಟ್ ಆದರೆ ಹಲವು ಸಲ ಬರುತ್ತದೆ, ಬೆಲೆ ಜಾಸ್ತಿ.

ಬಾಟಲಿ ಒಡೆದು ಮನೆಯಲ್ಲೇ ಮಾಡಲು ಹೋಗಬೇಡಿ. ಆದರೆ ಪಂಚಾಯಿತಿ ಕೆಲಸವಿರಲಿ, ನಿಮ್ಮ ಮನೆಯದಿರಲಿ, ಬ್ಲಾಸ್ಟಿಂಗ್ ಅಂತ ಬಿಲ್ಲಿನಲ್ಲಿದ್ದರೆ ಎರಡು ಮಾತು ಕೇಳಿ. ಯಾವುದರಲ್ಲಿ ಬ್ಲಾಸ್ಟ್ ಮಾಡಿದಿರಿ? ಹೊಡೆದವನ ತಲೆ ಮೇಲೆ ಏನಿತ್ತು? ಮರಳು, ಟವೆಲ್ ಅಂತ ಉತ್ತರ ಬಂದರೆ, ಆ ಹುಡುಗ ನಮ್ಮ ನಿಮ್ಮ ಊರಿನವನೇ ಇರಬಹುದು. ಅವನ ಮನೆಯವರಿಗೆ ಹೇಳಿ: ಕೆಮ್ಮು ಬಂದರೆ ಡಾಕ್ಟರ ಹತ್ತಿರ ಮಾಡುವ ಕೆಲಸವನ್ನೂ ಹೇಳಲಿ.