ಪರಿಷೆಯಲ್ಲಿ ಮೊಮ್ಮಗಳ ಲೆಕ್ಕ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಹಿಂದೆ ಇಲ್ಲಿ ಹೊಲಗಳಿದ್ದಾಗ ಬಸವ ರಾತ್ರಿ ಬಂದು ಕಡಲೆಕಾಯಿ ಮೇಯುತ್ತಿದ್ದನಂತೆ. ರೈತರು ಮೊದಲ ಬೆಳೆಯನ್ನು ಅವನಿಗೇ ಒಪ್ಪಿಸತೊಡಗಿದರಂತೆ.

ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು 15 ಅಡಿ ಎತ್ತರದ ದೊಡ್ಡ ಬಸವನನ್ನು ಕಂಡು ಹೋದ ವರ್ಷ ನನ್ನ ಹೆಗಲಿಗೆ ಮುಖ ಒತ್ತಿ ಅತ್ತಿದ್ದ ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ಈ ಸಲ ಎದುರಿಗೇ ನಿಂತು ಕೇಳಿದಳು: “ತಾತಾ, ಬಸವಂಗೆ ಸಿಪ್ಪೆ ಯಾರು ಸುಲಿದುಕೊಡ್ತಾರೆ?” ಅರ್ಚಕರೂ ನಕ್ಕರು.

ಒಂದು ಸೇರು ಕಾಯಿ ಕೊಂಡು ಪಕ್ಕದ ಬ್ಯೂಗಲ್ ರಾಕ್ ಬಂಡೆಯ ಮೇಲೆ ಕೂತೆವು. ವಿಂಗಡಿಸುವುದು ಅವಳ ಈಗಿನ ಹುಚ್ಚು. ಒಂದು ಬೀಜದ ಕಾಯಿ ಬೇರೆ, ಎರಡರದು ಬೇರೆ, ಮೂರರದು ಬೇರೆ. ಜೊಳ್ಳಿಗೆ ಅವಳಿಟ್ಟ ಹೆಸರು ‘ನಿದ್ದೆಕಾಯಿ’. ಬ್ಯಾಂಕಿನಲ್ಲಿ ವರ್ಷಗಟ್ಟಲೆ ನೋಟು ವಿಂಗಡಿಸಿದ ನನಗೂ ಅಷ್ಟು ಶ್ರದ್ಧೆ ಇರಲಿಲ್ಲ, ಮಕ್ಕಳೇ! ಇವಳಿಗೆ ಬೇಗ ಅಕ್ಷರ ಕಲಿಸಿ ಎನ್ನುತ್ತಾಳೆ ನನ್ನ ಮಗಳು. ಅಂಥ ಆತುರವೇನು?

ಮುಂದಿನ ಜೂನ್‌ನಲ್ಲಿ ಶಾಲೆ. ಪರಿಷೆ ಸೋಮವಾರವೇ ಬರುವುದು. ಸಂಜೆ ಕರೆತರೋಣವೆಂದರೆ ಆ ನೂಕುನುಗ್ಗಲಿಗೆ ನನ್ನ ಮಂಡಿ ಒಪ್ಪಬೇಕಲ್ಲ.

ಹೋದ ವರ್ಷ ನಾನೇ ಸುಲಿದುಕೊಟ್ಟಿದ್ದೆ. ಈಗ ಅವಳೇ ಹೆಬ್ಬೆರಳಿನಿಂದ ಚಟ್ಟನೆ ಒಡೆದು, ಬೀಜವನ್ನು ನನ್ನ ಅಂಗೈಗೆ ಹಾಕಿದಳು. “ನಿಧಾನಕ್ಕೆ ತಿನ್ನು, ತಾತಾ.”